ಸಮಷ್ಟಿಯೂ ವ್ಯಕ್ತಿಸಾಮರ್ಥ್ಯವೂ: ಗುರುಶಿಷ್ಯರ ಎರಡು ಮತಗಳು

ವ್ಯಕ್ತಿಯ ಸಾಮರ್ಥ್ಯವನ್ನು ಸಮಾಜವು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಅದಕ್ಕೆ ಯಾವ ಸ್ಥಾನವನ್ನು ಕೊಡಬೇಕು ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಇದು ವಿದ್ವಾಂಸರ ವಾದವಷ್ಟೇ ಆಗಿರದೆ ರಾಜ್ಯವ್ಯವಹಾರದ ವಿಷಯವೂ ಆಗಿದ್ದಿತು. ಕ್ರಿ. ಪೂ. 5ನೆಯ ಶತಮಾನದಲ್ಲಿ ಅಲ್ಲಿಯ 500 ಮಂದಿಯ ಸಭೆಗೆ, ಹತ್ತು ಗಣಗಳಿಂದ ತಲಾ 50 ಮಂದಿಯಂತೆ, ಚೀಟಿಯೆತ್ತುವ ರೀತಿಯಲ್ಲಿ ಸದಸ್ಯರನ್ನು ಆರಿಸುತ್ತಿದ್ದರು. ಸೇನಾಪತಿಗಳನ್ನಾದರೋ ಅದೃಷ್ಟಕ್ಕೆ ಬಿಡದೆ ಮತವಿತ್ತು ನೇಮಿಸುತ್ತಿದ್ದರು. ನಗರದ ವಿಚಾರಕ್ಕೆ ಸಾಮಾನ್ಯ ವಿವೇಕವು ಸಾಕು, ಯುದ್ಧಕ್ಕೆ ವಿಶೇಷ ಶಕ್ತಿಯು ಬೇಕು ಎಂಬುದೇ ಈ ಪದ್ಧತಿಯ ಅಂತರಾರ್ಥವೆನ್ನಬಹುದು.

ಕ್ರಿ. ಪೂ. 399ರಲ್ಲಿ ಇದೇ ನಗರದ ನ್ಯಾಯಸಭೆಯು ಬಹುಮತದಿಂದ ಸಾಕ್ರಟೀಸನಿಗೆ ಮರಣದಂಡನೆಯನ್ನು ವಿಧಿಸಿತು. ಗುರುವನ್ನು ಕಳೆದುಕೊಂಡ ಪ್ಲೇಟೋ ಬಹುಜನರ ತೀರ್ಪಿನಲ್ಲಿ ನಂಬಿಕೆಯಿಡಲಿಲ್ಲ. ಮನುಷ್ಯರ ಸ್ವಭಾವವು ಭಿನ್ನವಾದುದರಿಂದ ಒಬ್ಬೊಬ್ಬನೂ ತನಗೆ ತಕ್ಕ ಒಂದೇ ಕಸುಬನ್ನು ಮಾಡಬೇಕು, ಆಳುವ ಕೆಲಸವು ಜ್ಞಾನಿಗಳದು ಎಂದು ಅವನು ‘ರಿಪಬ್ಲಿಕ್’ ಗ್ರಂಥದಲ್ಲಿ ಪ್ರತಿಪಾದಿಸಿದನು. ಕೆಲವರ ಆತ್ಮದಲ್ಲಿ ಚಿನ್ನವೂ, ಕೆಲವರಲ್ಲಿ ಬೆಳ್ಳಿಯೂ, ಉಳಿದವರಲ್ಲಿ ಕಬ್ಬಿಣ ಕಂಚುಗಳೂ ಬೆರೆತಿವೆಯೆಂಬ ಅವನ ಕಥೆಯು ಪ್ರಸಿದ್ಧವಾಗಿದೆ. ಮಕ್ಕಳು ಸಾಮಾನ್ಯವಾಗಿ ತಂದೆತಾಯಿಗಳನ್ನೇ ಹೋಲುವರೆಂದು ಅವನು ಒಪ್ಪಿದ್ದರೂ, ಚಿನ್ನದ ಮನೆಯಲ್ಲಿ ಹುಟ್ಟಿದ ಕಬ್ಬಿಣದ ಮಗುವನ್ನು ಕೆಳಗಿಳಿಸಬೇಕು, ಕಬ್ಬಿಣದ ಮನೆಯಲ್ಲಿ ಹುಟ್ಟಿದ ಚಿನ್ನವನ್ನು ಮೇಲೇರಿಸಬೇಕು ಎಂಬುದೇ ಅವನ ವಿಧಿ. ಯೋಗ್ಯತೆಯುಳ್ಳ ಸ್ತ್ರೀಯರಿಗೂ ರಾಜ್ಯರಕ್ಷಣೆಯ ಅಧಿಕಾರವುಂಟೆಂದು ಆ ಕಾಲದಲ್ಲಿಯೇ ಅವನು ವಾದಿಸಿದನು.

ಪ್ಲೇಟೋವಿನ ವಿದ್ಯಾಪೀಠದಲ್ಲಿ ಸುಮಾರು ಇಪ್ಪತ್ತು ವರ್ಷಗಳನ್ನು ಕಳೆದ ಅರಿಸ್ಟಾಟಲನು ಗುರುವಿನ ಮತವನ್ನು ಅಂತೆಯೇ ಸ್ವೀಕರಿಸಲಿಲ್ಲ. ‘ಪಾಲಿಟಿಕ್ಸ್’ ಎಂಬ ಗ್ರಂಥದಲ್ಲಿ ಅವನು ಕೊಟ್ಟಿರುವ ದೃಷ್ಟಾಂತಗಳು ಗೃಹಸ್ಥರಿಗೆಲ್ಲ ಸುಲಭವಾಗಿ ತಿಳಿಯುವಂಥವು. ಒಬ್ಬನ ಖರ್ಚಿನಲ್ಲಿ ನಡೆಯುವ ಊಟಕ್ಕಿಂತ ಹಲವರು ಕೂಡಿ ತಂದು ಮಾಡುವ ಔತಣವು ಮೇಲಾಗಬಹುದು. ಹಾಗೆಯೇ, ಒಬ್ಬೊಬ್ಬರಾಗಿ ಸಾಮಾನ್ಯರಾದವರು ಒಟ್ಟುಗೂಡಿದಾಗ ಅವರ ವಿವೇಕವು ಕೆಲವೇ ಶ್ರೇಷ್ಠರ ವಿವೇಕವನ್ನು ಮೀರಬಹುದು. ಮನೆಯ ಗುಣದೋಷಗಳನ್ನು ಕಟ್ಟಿದವನಿಗಿಂತ ಅದರಲ್ಲಿ ವಾಸಿಸುವವನೂ, ಅಡಿಗೆಯ ರುಚಿಯನ್ನು ಬಾಣಸಿಗನಿಗಿಂತ ಉಣ್ಣುವವನೂ ಚೆನ್ನಾಗಿ ಬಲ್ಲರು. ಆದುದರಿಂದ ಅಧಿಕಾರಿಗಳನ್ನು ಆರಿಸುವುದರಲ್ಲಿಯೂ ಅವರಿಂದ ಲೆಕ್ಕ ಕೇಳುವುದರಲ್ಲಿಯೂ ಜನರಿಗೆ ಪಾಲಿರಬೇಕು. ಆದರೆ ಎಲ್ಲ ಗುಂಪುಗಳಿಗೂ ಈ ಮಾತು ಸಲ್ಲದೆಂದು ಅವನೇ ಎಚ್ಚರಿಸಿರುವನು.

ಇಷ್ಟು ಉದಾರವಾಗಿ ಚಿಂತಿಸಿದವನೇ ಕೆಲವರು ಸ್ವಭಾವದಿಂದಲೇ ದಾಸರೆಂದೂ, ಸ್ತ್ರೀಯರ ವಿವೇಕಕ್ಕೆ ಅಧಿಕಾರಬಲವಿಲ್ಲವೆಂದೂ ಬರೆದುದು ಶೋಚನೀಯವು. ಶಿಷ್ಯನು ಕಾಣದುದನ್ನು ಗುರುವು ಸ್ತ್ರೀಯರ ವಿಷಯದಲ್ಲಿ ಕಂಡಿದ್ದನು; ಗುರುವು ಕಾಣದುದನ್ನು ಶಿಷ್ಯನು ಬಹುಜನರ ವಿಷಯದಲ್ಲಿ ಕಂಡನು. ಇಬ್ಬರೂ ತಪ್ಪಿದುದು ಒಂದೇ ಎಡೆಯಲ್ಲಿ: ಪರೀಕ್ಷಿಸದೆಯೇ ಸಾಮರ್ಥ್ಯವಿಲ್ಲವೆಂದು ತೀರ್ಪುಕೊಟ್ಟಲ್ಲಿ. ಕಲಿಯುವ ಅವಕಾಶವನ್ನೇ ಕೊಡದೆ ಒಬ್ಬನನ್ನು ಅಸಮರ್ಥನೆನ್ನುವುದು, ನೀರಿಗಿಳಿಯಬಿಡದೆ ಈಜು ಬಾರದೆಂದು ಹೀಗಳೆದಂತೆ. ಅರಿಸ್ಟಾಟಲನೇ ಹೇಳುವಂತೆ ದೇಹದಿಂದ ಬೇರ್ಪಟ್ಟ ಕೈಯು ಹೆಸರಿಗೆ ಮಾತ್ರ ಕೈ; ಸಮಾಜವನ್ನು ಬಿಟ್ಟ ವ್ಯಕ್ತಿಯ ಗತಿಯೂ ಅದೇ. ಆದರೆ ತನ್ನ ಕೈಗಳನ್ನು ತಾನೇ ಕಟ್ಟಿಹಾಕಿಕೊಂಡ ದೇಹಕ್ಕೂ ಕ್ಷೇಮವಿಲ್ಲವೆಂಬುದನ್ನು ಸಮಾಜವು ಮರೆಯಲಾಗದು.