ಉಸಿರು ಸರಿಯಿರುವ ದಿನದ ಔಷಧ

ಮೃಗಶಿರ ಮಳೆ ಕೂಡುವ ಗಳಿಗೆಗೆ ಉಬ್ಬಸದ ಔಷಧ ತೆಗೆದುಕೊಳ್ಳಲೆಂದು ಕೊಪ್ಪಳ ತಾಲ್ಲೂಕಿನ ಕುಟುಗನಹಳ್ಳಿಗೆ ಸಾವಿರಾರು ಜನ ಬರುತ್ತಾರೆ. ಅದೇ ದಿನಗಳಲ್ಲಿ ಹೈದರಾಬಾದಿನ ಬತ್ತಿನಿ ಮನೆತನದವರು ಪುಟ್ಟ ಜೀವಂತ ಮೀನಿನ ಬಾಯಿಗೆ ಹಳದಿ ಮುದ್ದೆ ತುಂಬಿ ಉಬ್ಬಸದವರ ಗಂಟಲಿಗೆ ಇಳಿಸುತ್ತಾರೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಅಷ್ಟು ದೂರ ಹೋಗುವವರ ಆಸೆ ಅರ್ಥವಾಗುವಂಥದ್ದು: ಒಮ್ಮೆ ನುಂಗಿದರೆ ದಮ್ಮು ಬುಡಸಮೇತ ಹೋಗಬೇಕು.

ಹಳೆಯ ಮದ್ದುಗಳು ಹೆಚ್ಚಾಗಿ ಉಸಿರು ಕಟ್ಟಿದ ಹೊತ್ತಿಗೆ ಒದಗುವಂಥವು. ಮದರಾಸಿನ ಕಡೆ ದತ್ತೂರವನ್ನು ಒಣಗಿಸಿ ಸೇದುವ ರೂಢಿಯಿತ್ತು. ಅಲ್ಲಿನ ವೈದ್ಯ ಜೇಮ್ಸ್ ಆಂಡರ್ಸನ್ ಅದನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ತಿಳಿಸಿದರು. 1802ರಲ್ಲಿ ಜೆಂಟ್ ಅದನ್ನು ಬ್ರಿಟನ್ನಿಗೆ ಒಯ್ದರು. ಮುಂದೆ ಯುರೋಪಿನ ಔಷಧದಂಗಡಿಗಳಲ್ಲಿ ಅಸ್ತಮಾ ಸಿಗರೇಟುಗಳೇ ಮಾರಾಟಕ್ಕೆ ಬಂದವು. ದತ್ತೂರದ ಹೊಗೆ ಬಿಗಿದ ಶ್ವಾಸನಾಳವನ್ನು ಸ್ವಲ್ಪ ಸಡಿಲಿಸುತ್ತಿತ್ತು, ನಿಜ. ಒಳಗಿನ ಊತ ಮಾತ್ರ ಹಾಗೇ ಉಳಿಯುತ್ತಿತ್ತು.

ಅಮೆರಿಕದ ರೈಕರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಮಗಳಿಗೆ ಅಸ್ತಮಾ ಇತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯಲ್ಲಿ ತನ್ನ ಔಷಧವನ್ನೂ ಯಾಕೆ ತುಂಬಬಾರದು ಎಂದು ಹದಿಮೂರರ ಆ ಹುಡುಗಿ ಕೇಳಿದಳು. 1956ರಲ್ಲಿ ಮೊದಲ ಒತ್ತು ಇನ್‌ಹೇಲರ್ ಮಾರುಕಟ್ಟೆಗೆ ಬಂತು. 1969ರಲ್ಲಿ ಸಾಲ್ಬುಟಮಾಲ್ ಬಂತು. ಇವೂ ತಕ್ಷಣದ ಆರಾಮಕ್ಕೇ.

ನಿಜವಾದ ತಿರುವು 1972ರದು. ಆ ವರ್ಷ ಬಂದ ಬೆಕ್ಲೊಮೆಥಾಸೋನ್ ಎಂಬ ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಕೂಡಲೇ ಏನೂ ಅನ್ನಿಸುವುದಿಲ್ಲ. ದಿನವೂ ತೆಗೆದುಕೊಂಡರೆ ವಾರಗಳಲ್ಲಿ ಊತ ಇಳಿಯುತ್ತದೆ. ಅಂದರೆ ಚೆನ್ನಾಗಿರುವಾಗಲೂ ಔಷಧ ಬೇಕು. ಶತಮಾನಗಳ ಅಭ್ಯಾಸಕ್ಕೆ ಇದು ತೀರ ಹೊಸ ಮಾತು. ಭಾರತದಲ್ಲಿ ಸಿಪ್ಲಾ 1976ರಲ್ಲಿ ಅಸ್ತಮಾದ ಸ್ಪ್ರೇಗಳನ್ನು ತಂದಿತು. ಕ್ಯಾಪ್ಸೂಲ್ ಬಳಸುವ ರೋಟಾಹೇಲರ್ ಈಗ ನಮ್ಮ ಎಷ್ಟೋ ಮನೆಗಳಲ್ಲಿದೆ: ಕ್ಯಾಪ್ಸೂಲ್ ಸಿಕ್ಕಿಸಿ, ಬುಡ ತಿರುವಿ, ಉಸಿರನ್ನೆಲ್ಲ ಹೊರಬಿಟ್ಟು, ಜೋರಾಗಿ ಎಳೆದು, ಹತ್ತೆಣಿಸುವವರೆಗೆ ತಡೆಹಿಡಿಯಬೇಕು. ಸ್ಟೀರಾಯ್ಡ್ ಆದರೆ ಆಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ನಾಲಿಗೆಗೆ ಬಿಳಿ ಅಗ್ರು ಬರಬಹುದು. ಎರಡು ತಿಂಗಳು ಹೀಗೆ ಮಾಡಿ ಆರಾಮಾದವರು, "ಚಟ ಅಂಟಿಕೊಂಡರೆ?" ಎಂದು ಬಿಟ್ಟುಬಿಡುತ್ತಾರೆ. ಇದು ಚಟ ಹಿಡಿಸುವ ಔಷಧವಲ್ಲ. ಅದರ ಖರ್ಚು ಪ್ರತಿ ತಿಂಗಳೂ ಬೀಳುವುದಂತೂ ಸುಳ್ಳಲ್ಲ.

ಹವೆ ಬದಲಾದರೆ ಸಾಕು ಎಂಬ ನಂಬಿಕೆಯೂ ಹಳೆಯದು. ಹಿಂದೆ ಕಾಫಿ ಬೆಳೆಯುತ್ತಿದ್ದ, ಮರಗಳ ನೆರಳಿನ ಲೊರೆಶೋದಂಥ ಬಡಾವಣೆಗಳಿರುವ ತಂಪಾದ ನೈರೋಬಿಯನ್ನು ನೋಡಿದವರಿಗೆ ಎದೆಗೆ ಇದಕ್ಕಿಂತ ಒಳ್ಳೆಯ ಊರಿಲ್ಲ ಅನ್ನಿಸೀತು. ಆದರೆ ವ್ಯಾಯಾಮ ಮಾಡಿದಾಗ ಶ್ವಾಸನಾಳ ಬಿಗಿಯುವುದು ಕೀನ್ಯಾದ ಮುರಂಗದ ಹಳ್ಳಿ ಮಕ್ಕಳಿಗಿಂತ ನೈರೋಬಿಯ ಮಕ್ಕಳಲ್ಲೇ ಹೆಚ್ಚು ಎಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಔಷಧ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಗಟ್ಟಿ ಲೆಕ್ಕ ಸಿಕ್ಕಿದ್ದು ಕೆನಡಾದ ಸಸ್ಕಾಚೆವನ್‌ನಲ್ಲಿ. ವರ್ಷದಲ್ಲಿ ಬಳಸಿದ ಪ್ರತಿ ಹೆಚ್ಚುವರಿ ಸ್ಟೀರಾಯ್ಡ್ ಡಬ್ಬಿಗೆ ಅಸ್ತಮಾ ಸಾವಿನ ಪ್ರಮಾಣ ಶೇ 21ರಷ್ಟು ಇಳಿದಿತ್ತು. ನಿಲ್ಲಿಸಿದ ಮೊದಲ ಮೂರು ತಿಂಗಳಲ್ಲಿ ಅದು ಏರಿತ್ತು. ವರದಿ ಬಂದದ್ದು 2000ದಲ್ಲಿ.

ಕೊನೆಗೆ ವೈದ್ಯಶಾಸ್ತ್ರವೇ ಜನರ ರೂಢಿಗೆ ಹೊಂದಿಕೊಂಡಿತು. ವಯಸ್ಕರಿಗೆ ಬರೀ ಸಾಲ್ಬುಟಮಾಲ್ ಸಾಲದು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 'ಜಿನಾ' 2019ರಲ್ಲಿ ಹೇಳಿತು. ಕಾಯಿಲೆ ಸೌಮ್ಯವಾಗಿರುವವರು ಉಬ್ಬಸ ಬಂದಾಗ ಮಾತ್ರ ಇನ್‌ಹೇಲರ್ ಎಳೆದರೂ ಜೊತೆಗೆ ಸ್ಟೀರಾಯ್ಡ್ ಒಳಹೋಗುವಂತೆ, ಫಾರ್ಮೊಟೆರಾಲ್ ಮತ್ತು ಬುಡೆಸೊನೈಡ್ ಎರಡೂ ಇರುವ ಒಂದೇ ಇನ್‌ಹೇಲರನ್ನು ಅದು ಸೂಚಿಸಿತು.