ದೂತಾವಾಸ ರಕ್ಷಣೆ
ವಿದೇಶದಲ್ಲಿ ಬಂಧನಕ್ಕೊಳಗಾದ ಪ್ರಜೆಗೆ ಅವನ ಸರ್ಕಾರ ಒದಗಿಸುವ ನೆರವು. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ಇದರ ಆಧಾರ: ಬಂಧಿತನಿಗೆ ಅವನ ಹಕ್ಕನ್ನು ತಡಮಾಡದೆ ತಿಳಿಸಬೇಕು, ಅವನು ಕೋರಿದರೆ ದೂತಾವಾಸಕ್ಕೆ ಸುದ್ದಿ ಮುಟ್ಟಿಸಬೇಕು, ಅಧಿಕಾರಿಗಳು ಅವನನ್ನು ಕಾಣಬಹುದು, ವಕೀಲರನ್ನು ಗೊತ್ತುಮಾಡಬಹುದು. ವಿಚಿತ್ರವೆಂದರೆ, ಬಂಧಿಸಿದ ದೇಶವನ್ನು ಹೀಗೆ ಕಟ್ಟಿಹಾಕುವ ಒಪ್ಪಂದ, ನೆರವಿಗೆ ಧಾವಿಸಲೇಬೇಕೆಂದು ತಾಯ್ನಾಡಿಗೆ ಎಲ್ಲಿಯೂ ವಿಧಿಸುವುದಿಲ್ಲ. ಆದರೂ ಇದನ್ನು ಸರ್ಕಾರದ ಕೃಪೆಯೆನ್ನಲಾಗದು. ಈ ಹಕ್ಕು ವ್ಯಕ್ತಿಗೂ ಸೇರಿದ್ದೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2001ರಲ್ಲೇ ಲಾಗ್ರಾಂಡ್ ಪ್ರಕರಣದಲ್ಲಿ ಹೇಳಿತು. ಸೆರೆಯಲ್ಲಿರುವವನು ಆ ನ್ಯಾಯಾಲಯದ ಮೆಟ್ಟಿಲನ್ನು ತಾನೇ ಹತ್ತಲಾರ, ಅವನ ಪರವಾಗಿ ಸರ್ಕಾರವೇ ಹತ್ತಬೇಕು.

ಗೂಢಚಾರನಿಗೂ ಈ ರಕ್ಷಣೆ ಬೇಕೇ ಎಂಬುದು ಗಟ್ಟಿಯಾದ ಆಕ್ಷೇಪ. ಭಾರತೀಯ ನೌಕಾಪಡೆಯ ಮಾಜಿ ಅಧಿಕಾರಿ ಕುಲಭೂಷಣ್ ಜಾಧವ್ ಅವರಿಗೆ ಪಾಕಿಸ್ತಾನದ ಸೇನಾ ನ್ಯಾಯಾಲಯ 2017ರ ಏಪ್ರಿಲ್‌ನಲ್ಲಿ ಮರಣದಂಡನೆ ವಿಧಿಸಿದಾಗ ಆ ದೇಶ ಮುಂದಿಟ್ಟ ವಾದವೂ ಇದೇ. ಭಾರತ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2019ರ ಜುಲೈ 17ರಂದು ನ್ಯಾಯಾಲಯ, ಬೇಹುಗಾರಿಕೆಯ ಆರೋಪವಿದ್ದರೂ 36ನೆಯ ವಿಧಿ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಇದು ಸರಿಯಾದ ನಿಲುವು: ಆರೋಪದ ಹೆಸರು ಹೇಳಿ ಬಾಗಿಲು ಮುಚ್ಚುವಂತಾದರೆ ನೆರವು ಅತ್ಯಗತ್ಯವಾದ ಕಡೆಯೇ ಅದು ಇಲ್ಲವಾಗುತ್ತದೆ. ಭೇಟಿಯೆಂದರೆ ಕ್ಷಮಾದಾನವಲ್ಲ, ಭಾರತ ಕೋರಿದ್ದ ಬಿಡುಗಡೆಯನ್ನು ನ್ಯಾಯಾಲಯ ಒಪ್ಪಲಿಲ್ಲ, ಶಿಕ್ಷೆಯ ಪರಿಣಾಮಕಾರಿ ಮರುಪರಿಶೀಲನೆಗಷ್ಟೇ ಆದೇಶಿಸಿತು. ಅದಕ್ಕಾಗಿ ಪಾಕಿಸ್ತಾನದ ಸಂಸತ್ತು 2021ರಲ್ಲಿ ಪ್ರತ್ಯೇಕ ಕಾಯ್ದೆ ಅಂಗೀಕರಿಸಿತು.