ಮಧ್ಯಕಾಲೀನ ಚಿನ್ನದ ನಾಣ್ಯಗಳಲ್ಲಿ ರಾಜಚಿಹ್ನೆಗಳು: ನಾಣ್ಯ ದೊರೆತವರ ಹಾಗೂ ಅರ್ಜಿದಾರರ ಮಾಹಿತಿಗಾಗಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳಲ್ಲಿ ಪಾಯ ತೆಗೆಯುವಾಗ ಅಥವಾ ಹೊಲ ಉಳುವಾಗ ಹಳೆಯ ಚಿನ್ನದ ನಾಣ್ಯ ದೊರೆತಲ್ಲಿ, ಅದು ಯಾವ ಅರಸರದು ಎಂಬುದನ್ನು ಅದರ ಮೇಲಿನ ಚಿಹ್ನೆ ಮತ್ತು ಬರಹದಿಂದ ತಿಳಿಯಬೇಕಾಗಿರುತ್ತದೆ. ಕರಗಿಸಿದ ನಾಣ್ಯದಲ್ಲಿ ಉಳಿಯುವುದು ಕೆಲವೇ ಗ್ರಾಂ ಚಿನ್ನ ಮಾತ್ರ.

ಗಂಗರ ತಾಮ್ರಪಟಗಳ ಮುದ್ರೆಯಲ್ಲಿ ಆನೆ ಇರುತ್ತದೆ. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಇವರ ಕಾಲದ ಮಾನ್ಯಪುರವಾಗಿತ್ತು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಬಳ್ಳಿಯ ವಿನ್ಯಾಸವುಳ್ಳ ಚಿನ್ನದ ನಾಣ್ಯಗಳನ್ನು ವಾಡಿಕೆಯಂತೆ ಗಂಗರದೆನ್ನಲಾಗುತ್ತಿದ್ದರೂ, ಅವುಗಳ ಮೇಲೆ ಅರಸನ ಹೆಸರಿಲ್ಲದ ಕಾರಣ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಹೊಯ್ಸಳ ವಿಷ್ಣುವರ್ಧನನ ನಾಣ್ಯಗಳಲ್ಲಿ ಇಂತಹ ಸಂದೇಹಕ್ಕೆ ಆಸ್ಪದವಿಲ್ಲ. ಮುಂಬದಿಯಲ್ಲಿ ಸಿಂಹವಿದ್ದು, ಹಿಂಬದಿಯಲ್ಲಿ ಹಳಗನ್ನಡ ಲಿಪಿಯಲ್ಲಿ 'ಶ್ರೀ ತಳಕಾಡುಗೊಂಡ' ಅಥವಾ 'ಶ್ರೀ ನೊಳಂಬವಾಡಿಗೊಂಡ' ಎಂಬ ಬಿರುದನ್ನು ಮುದ್ರಿಸಲಾಗಿರುತ್ತದೆ. ಅರಸನು ತನ್ನ ಹೆಸರಿನ ಬದಲು ತಾನು ಗೆದ್ದ ನಾಡನ್ನೇ ಬರೆಸಿರುವುದು ಗಮನಾರ್ಹ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದ ನಂತರ ಗಂಗವಾಡಿಯು ಹೊಯ್ಸಳರ ವಶವಾಯಿತು. ಸಂತೆಯಲ್ಲಿ ಈ ನಾಣ್ಯ ಕೈ ಬದಲಾದಾಗಲೆಲ್ಲ ಆ ವಾರ್ತೆಯೂ ಹರಡುತ್ತಿತ್ತು.

ವಿಜಯನಗರದ ವರಹವು ಸುಮಾರು 3.4 ಗ್ರಾಂ ತೂಗುತ್ತದೆ. ಅದರ ಅರ್ಧಕ್ಕೆ ಪ್ರತಾಪವೆಂದೂ, ಪ್ರತಾಪದ ಹತ್ತನೆಯ ಒಂದು ಭಾಗಕ್ಕೆ ಹಣವೆಂದೂ ಹೆಸರು. 1443ರಲ್ಲಿ ಬಂದಿದ್ದ ರಾಯಭಾರಿ ಅಬ್ದುರ್ ರಜಾಕ್ ಈ ಲೆಕ್ಕವನ್ನು ದಾಖಲಿಸಿದ್ದಾನೆ. ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವು ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಹಿಡಿದಿರುತ್ತದೆ. ಹಿಂಬದಿಯ ಬರಹ ನಾಗರಿ ಲಿಪಿಯಲ್ಲಿರುತ್ತದೆ. ಇಂದಿನ ಅರ್ಜಿದಾರರು ಸರ್ಕಾರಿ ಪತ್ರಗಳ ಶಿರೋಭಾಗದಲ್ಲಿ ನೋಡುವ ರಾಜ್ಯ ಲಾಂಛನದ ನಡುವೆ ಇರುವುದೂ ಇದೇ ಗಂಡಭೇರುಂಡ.

ಮಧ್ಯಕಾಲದ ನಂತರವೂ ಈ ಪದ್ಧತಿ ಮುಂದುವರೆಯಿತು. 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡ ಹೈದರ್ ಅಲಿಯು ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವನ್ನು ಮಾತ್ರ ಮುದ್ರಿಸಿದನು. ಜನರು ನಂಬಿದ್ದ ನಾಣ್ಯವನ್ನು ಬದಲಿಸದಿರುವುದೇ ವ್ಯಾಪಾರಕ್ಕೆ ಅನುಕೂಲವೆಂದು ಆತ ಎಣಿಸಿರಬೇಕು. ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು ದೇವತಾಮೂರ್ತಿಗಳನ್ನು ಕೈಬಿಟ್ಟನಾದರೂ ತಂದೆಯ ಅಕ್ಷರವನ್ನು ಬಿಡಲಿಲ್ಲ. ಅವನ ಸ್ವಂತ ಹೆಸರು ನಾಣ್ಯಗಳಲ್ಲಿ ಕಾಣಬರುವುದಿಲ್ಲ.

ಶ್ರೀರಾಮ ಪಟ್ಟಾಭಿಷೇಕದ ಚಿತ್ರವುಳ್ಳ ರಾಮಟಂಕೆಗಳು ಪೂಜೆಗೆ ಇಡುವ ಬಿಲ್ಲೆಗಳೇ ಹೊರತು ಚಲಾವಣೆಯ ನಾಣ್ಯಗಳಲ್ಲ. ಹಿತ್ತಾಳೆಯ ನಕಲುಗಳೂ ವಿಪುಲವಾಗಿರುವುದರಿಂದ ಅಂತಹವುಗಳನ್ನು ನಿಧಿಯೆಂದು ನಂಬಿ ಹಣ ತೆರಬಾರದು.

ನೆಲದಡಿ ನಿಧಿ ದೊರೆತವರು ಕರ್ನಾಟಕ ನಿಧಿ ಅಧಿನಿಯಮ, 1962ರಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಪತ್ರದಲ್ಲಿ ದೊರೆತ ದಿನಾಂಕ, ಸ್ಥಳ, ನಾಣ್ಯಗಳ ಸಂಖ್ಯೆ ಹಾಗೂ ಅವು ಇದ್ದ ಮಡಕೆ ಮುಂತಾದವುಗಳ ವಿವರ ನೀಡುವುದು ಉಪಯುಕ್ತ. ಹುಣಸೆಹಣ್ಣು, ಬೂದಿ ಅಥವಾ ಆಮ್ಲದಿಂದ ನಾಣ್ಯಗಳನ್ನು ಉಜ್ಜಬಾರದು. ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯಗಳು ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ವ್ಯಾಪ್ತಿಗೆ ಒಳಪಡುವುದರಿಂದ, ವಂಶಪಾರಂಪರ್ಯವಾಗಿ ಬಂದವುಗಳಾದರೂ ಖಾಸಗಿ ವ್ಯಕ್ತಿಗಳು ಅವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.